ಒಳಮುಖ, ಹೊರಮುಖ

ಬಂಗಾರಪೇಟೆ ರಸ್ತೆಯಲ್ಲಿ ನನ್ನ ಅಂಗಡಿ.
ಟೊಮೆಟೊ ಲಾರಿ, ಇಟ್ಟಿಗೆ ಲಾರಿ, ಒಮ್ಮೊಮ್ಮೆ ಶಾಲೆ ಬಸ್ಸು.
ಡ್ರೈವರು ಸುಳ್ಳು ಹೇಳಬಹುದು, ಟೈರು ಹೇಳುವುದಿಲ್ಲ:
ಇಪ್ಪತ್ತಾರು ವರ್ಷದಲ್ಲಿ ಕಲಿತ ವಿದ್ಯೆ ಇಷ್ಟೇ.

ಆ ಶುಕ್ರವಾರ ನಮಾಜು ಮುಗಿಸಿ ಬಂದರೆ
ಬೆಂಚಿನ ಮೇಲೆ ಸಗಾಯಮೇರಿ ಮೇಡಂ,
ತೊಡೆಯ ಮೇಲೊಂದು ಪುಟ್ಟ ಟೈರು.
‘ಗೌಸ್ ಪೀರ್, ಇದನ್ನು ಓದಿ ಹೇಳು.’

ಹೊರ ಅಂಚು ನೂಲು ಕಾಣುವಷ್ಟು ಸವೆದಿದೆ,
ಒಳ ಅಂಚಿಗೆ ಇನ್ನೂ ಹೊಸ ರಬ್ಬರಿನ ವಾಸನೆ.
ಅಂಗೈ ಇಟ್ಟು ಒಳಕ್ಕೆ ಸವರಿದೆ, ರೇಷ್ಮೆ.
ಹೊರಕ್ಕೆ ಸವರಿದೆ, ಗರಗಸ.
‘ಚಕ್ರ ಒಳಮುಖ ನೋಡುತ್ತಿದೆ ಮೇಡಂ.
ಎಷ್ಟು ಸಾವಿರ ಓಡಿದೆ?’
‘ಸಾವಿರ ಅಲ್ಲಪ್ಪಾ. ಬರೀ ಒಂಬತ್ತು ಕಿಲೋಮೀಟರು.’

ರಾಬರ್ಟ್‌ಸನ್‌ಪೇಟೆಯಾಚೆ, ಸಯನೈಡ್ ದಿಬ್ಬದ ಬೆನ್ನಿಗೆ
ತಗಡಿನ ಶೆಡ್ಡು. ಶಟರು ಎತ್ತಿದರು.
ಎರಡು ಸೀಟಿನ ವಿಮಾನ, ಬಣ್ಣ ಇನ್ನೂ ಬಳಿದಿಲ್ಲ,
ಜಾಗ ಸಾಲದೆ ಗೋಡೆ ಒಡೆದಿದ್ದಾರೆ,
ಬಲ ರೆಕ್ಕೆಯ ತುದಿ ಹೊರಗೆ, ನಿಂಬೆ ಗಿಡದ ಮೇಲೆ.
‘ಮೂವತ್ತೊಂದು ವರ್ಷ ಬುಲ್ಡೋಜರು ಜೋಡಿಸಿದೆ,
ನೆಲ ಬಿಟ್ಟು ಅಲ್ಲಾಡದಂಥವು.
ರಿಟೈರಾದ ಮರುದಿನ ಇದಕ್ಕೆ ಮೊದಲ ತೂತು ಕೊರೆದೆ.’

ಲಾರಿಯ ಲೆಕ್ಕ ಇಲ್ಲಿ ತರಬೇಡ ಅಂದರು.
ಲಾರಿಗೆ ನಾನು ಎರಡು ಮಿಲಿಮೀಟರು ಒಳಮುಖ ಇಡುತ್ತೇನೆ,
ಓಡುತ್ತ ಓಡುತ್ತ ಅದು ತಾನೇ ನೆಟ್ಟಗಾಗುತ್ತದೆ.
ಮೇಡಂ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಬರೆದರು:
ಮೂತಿ ಬಲಕ್ಕೆ ಹೊರಳಿತು ಅಂತಿಟ್ಟುಕೋ,
ಭಾರವೆಲ್ಲ ಎಡ ಚಕ್ರಕ್ಕೆ. ಅದು ಒಳಮುಖವಾಗಿದ್ದರೆ
ಇನ್ನಷ್ಟು ಬಲಕ್ಕೇ ಎಳೆಯುತ್ತದೆ,
ಹಾಳಾಗುವವನ ಬೆನ್ನು ತಟ್ಟುವ ಗೆಳೆಯನ ಹಾಗೆ.
ಆಮೇಲೆ ಗಿರಗಿಟ್ಟಲೆ.
ಇದಕ್ಕೆ ನೆಟ್ಟಗೇ ಬೇಕು,
ಇಲ್ಲವೆ ಕೂದಲೆಳೆಯಷ್ಟು ಹೊರಮುಖ.

ನನ್ನ ವಿದ್ಯೆ ತಲೆಕೆಳಗಾಗಿ ನಿಂತಿತು. ನಾನೂ ಅವರ ಪಕ್ಕ ಕೂತೆ.

ಖಾಲಿ ಅಳೆದರೆ ಸುಳ್ಳು ಅಳತೆ.
ಒಂದು ಸೀಟಿಗೆ ಮೇಡಂ, ಕನ್ನಡಕ ಸಮೇತ,
ಇನ್ನೊಂದಕ್ಕೆ ನನ್ನ ಗಿರಾಕಿಯ ನಾಲ್ಕು ಕ್ರೇಟು ಟೊಮೆಟೊ.
ಚಕ್ರದಡಿ ಜೋಡಿ ತಗಡು, ನಡುವೆ ಗ್ರೀಸು.
ಭಾರ ಬಿದ್ದದ್ದೇ ಕಾಲುಗಳು ಮೆಲ್ಲಗೆ ಅಗಲಿ,
ತಗಡು ಜಾರಿ, ಎಲ್ಲ ಒಮ್ಮೆ ಉಸಿರು ಬಿಟ್ಟು ನಿಂತಿತು.
ಮೂತಿಯಿಂದ ಬಾಲಕ್ಕೆ ಗಾರೆಯವರ ದಾರ,
ತೂಗುಗುಂಡು ತೋರಿಸಿದಲ್ಲೆಲ್ಲ ಸೀಮೆಸುಣ್ಣದ ಚುಕ್ಕಿ.
ಎಡ ಚಕ್ರ ಒಳಕ್ಕೆ ಒಂದೂಕಾಲು ಡಿಗ್ರಿ.
‘ಅಂದರೆ ನನ್ನದೇ ತಪ್ಪು,’ ಮೇಲಿಂದ ದನಿ ಬಂತು,
ಟೊಮೆಟೊಗೆ ಹೇಳಿದ ಹಾಗೆ.

ಆ ರಾತ್ರಿ ಲೇತಿನ ಮುಂದೆ ಅವರೇ
ಒಂದು ಬೆಣೆ ಕಡೆದರು. ಒಂದಂಚು ಬೀಡಿ ಎಲೆ,
ಇನ್ನೊಂದು ಹೆಬ್ಬೆರಳಿನ ಉಗುರು.
ಅಚ್ಚಿಗೂ ಕಾಲಿಗೂ ನಡುವೆ ಕೂರಿಸಿ ಬೋಲ್ಟು ಬಿಗಿದೆವು,
ಬಿಚ್ಚಿದೆವು, ತಿರುಗಿಸಿ ಕೂರಿಸಿದೆವು.
ಮೊದಲ ಸಲ ತಿರುವುಮುರುವು ಇಟ್ಟವನು ನಾನು.

ಬೆಳಿಗ್ಗೆ ಹೊಸ ಟೈರಿಗೆ ಅಡ್ಡಡ್ಡ ಸುಣ್ಣದ ಗೆರೆ ಎಳೆದೆ:
ಎಲ್ಲಿ ಮೊದಲು ಅಳಿಸುತ್ತದೋ ಅಲ್ಲಿ ಭಾರ ಜಾಸ್ತಿ.
ಬಯಲಲ್ಲಿ ನೆಲದ ಮೇಲಷ್ಟೇ ಓಡಿಸಲು ಅನುಮತಿ.
ಮೂರು ಸುತ್ತು ಹೊಡೆದು, ಧೂಳೆಬ್ಬಿಸಿ ಬಂದರು.
ಗೆರೆ ಈ ಅಂಚಿಂದ ಆ ಅಂಚಿಗೆ ಒಂದೇ ಸಮ ಮಾಸಿತ್ತು.

ನನಗೆ ಟೈರೊಂದೇ ಸಾಲದು, ಜಾಡೂ ನೋಡಬೇಕು.
ಧೂಳಿನಲ್ಲಿ ಮೂರು ಗೆರೆ ಹಿಡಿದು ನಡೆದೆ.
ಎರಡು ದಪ್ಪ, ನಡುವೆ ಬಾಲಚಕ್ರದ್ದು ಒಂದು ಸಣ್ಣ.
ಮೂರನೆಯ ಸುತ್ತಿನಲ್ಲಿ ಮೊದಲು ಸಣ್ಣದು ನಿಂತಿತು.
ಇನ್ನಷ್ಟು ದೂರ ಹೋಗಿ, ದಪ್ಪವೂ.
ಬರೀ ಮಣ್ಣು. ಒಂದು ಇರುವೆ ಸಾಲು, ಚದುರದೆ.
ಇಪ್ಪತ್ತೆರಡು ಹೆಜ್ಜೆಯಾಚೆ ಮತ್ತೆ ಎರಡು ಗೆರೆ, ನೆಟ್ಟಗೆ.

ಹಿಂದಿರುಗಿದೆ. ಮೇಡಂ ನಿಂಬೆ ಗಿಡದಡಿ
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿಯುತ್ತಿದ್ದರು, ಕೈ ನಡುಗುತ್ತಿತ್ತು.
ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಬಿಲ್ಲಿನ ಪುಸ್ತಕದಲ್ಲಿ ಗಾಡಿ ನಂಬರಿನ ಜಾಗ ಖಾಲಿ ಬಿಟ್ಟೆ.
ಓಡಿದ ದೂರ ಎಂಬಲ್ಲಿ ಬರೆದೆ:
ಮೂರು ಕಿಲೋಮೀಟರು,
ಇಪ್ಪತ್ತೆರಡು ಹೆಜ್ಜೆ ಕಮ್ಮಿ.